ಅಗ್ರಿಕೋಲನ ದಂಡಯಾತ್ರೆಗಳು: ಚರಿತ್ರೆ, ಸ್ತುತಿ ಮತ್ತು ಉತ್ಖನನ

ಪ್ರಾಚೀನ ರೋಮಿನ ಸೇನಾನಾಯಕರಲ್ಲಿ ನೇಯಸ್ ಜೂಲಿಯಸ್ ಅಗ್ರಿಕೋಲನ ಸ್ಥಾನ ವಿಶಿಷ್ಟವಾದುದು. ಜೂಲಿಯಸ್ ಸೀಸರನಂತೆ ಅವನು ತನ್ನ ಯುದ್ಧಗಳ ವೃತ್ತಾಂತವನ್ನು ತಾನೇ ಬರೆದಿಡಲಿಲ್ಲ. ಪಾಂಪೆಯಂತೆ ರೋಮ್ ನಗರದ ರಾಜಕಾರಣವನ್ನು ಅಲುಗಿಸಲೂ ಇಲ್ಲ. ಸಾಮ್ರಾಜ್ಯದ ವಾಯವ್ಯ ಅಂಚಿನಲ್ಲಿದ್ದ ಬ್ರಿಟನ್ ಪ್ರಾಂತ್ಯವನ್ನು ಏಳು ವರ್ಷ ಆಳಿ, ರಾಜಧಾನಿಗೆ ಮರಳಿ, ಯಾವುದೇ ದೊಡ್ಡ ಹುದ್ದೆಯನ್ನು ಮತ್ತೆ ಪಡೆಯದೆ ಮಡಿದ ಅಧಿಕಾರಿ ಅವನು. ಆ ಬಗೆಯ ಪ್ರಾಂತ್ಯಾಧಿಪತಿಗಳು ರೋಮಿಗೆ ನೂರಾರು ಮಂದಿ ಇದ್ದರು. ಅವರಲ್ಲಿ ಹೆಚ್ಚಿನವರ ಹೆಸರು ಒಂದೆರಡು ಶಾಸನಗಳಲ್ಲಷ್ಟೇ ಉಳಿದಿದೆ. ಅಗ್ರಿಕೋಲನ ಹೆಸರು ಹಾಗಾಗದೆ ಉಳಿಯಲು ಕಾರಣ ಅವನ ಅಳಿಯ. ಲ್ಯಾಟಿನ್ ಭಾಷೆಯ ಶ್ರೇಷ್ಠ ಇತಿಹಾಸಕಾರನೆನಿಸಿದ ಕಾರ್ನೇಲಿಯಸ್ ಟ್ಯಾಸಿಟಸ್ ತನ್ನ ಮಾವನ ಜೀವನಚರಿತ್ರೆಯನ್ನು ಕ್ರಿ.ಶ. 98ರ ಸುಮಾರಿಗೆ ರಚಿಸಿದನು. ಅದೇ ಅವನ ಮೊದಲ ಕೃತಿ.

ಹೀಗಾಗಿ ಅಗ್ರಿಕೋಲನ ಅಧ್ಯಯನವೆಂದರೆ ಬಹುಮಟ್ಟಿಗೆ ಒಬ್ಬನೇ ಸಾಕ್ಷಿಯ ಅಧ್ಯಯನ. ಆ ಸಾಕ್ಷಿ ಅಸಾಧಾರಣ ಪ್ರತಿಭಾವಂತ. ಆದರೆ ನಾಯಕನ ಮನೆಯವನು. ಒಂದೂವರೆ ಶತಮಾನದ ಹಿಂದಿನವರೆಗೂ ಉತ್ತರ ಬ್ರಿಟನ್ನಿನ ರೋಮನ್ ಚರಿತ್ರೆ ಎಂದರೆ ಟ್ಯಾಸಿಟಸ್ ಹೇಳಿದ ಕಥೆಯೇ ಆಗಿತ್ತು. ಇಪ್ಪತ್ತನೆಯ ಶತಮಾನದ ಉತ್ಖನನಗಳು, ವಿಮಾನದಿಂದ ತೆಗೆದ ಛಾಯಾಚಿತ್ರಗಳು ಮತ್ತು ಮರದ ವಾರ್ಷಿಕ ಉಂಗುರಗಳ ಎಣಿಕೆ ಈ ಕಥೆಯ ಕೆಲವು ಭಾಗಗಳನ್ನು ದೃಢಪಡಿಸಿವೆ. ಕೆಲವನ್ನು ಗಂಭೀರವಾಗಿ ಪ್ರಶ್ನಿಸಿವೆ. ಅಗ್ರಿಕೋಲನಿಗೆ ಸಲ್ಲುವ ಕೀರ್ತಿ ಎಷ್ಟು, ಅವನಿಗಿಂತ ಮೊದಲಿನವರಿಗೆ ಸಲ್ಲಬೇಕಾಗಿದ್ದು ಎಷ್ಟು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

ಅಗ್ರಿಕೋಲನು ಕ್ರಿ.ಶ. 40ರ ಜೂನ್ 13ರಂದು ದಕ್ಷಿಣ ಗಾಲ್ ಪ್ರದೇಶದ ಫೋರಮ್ ಜೂಲೀ ಎಂಬ ಪಟ್ಟಣದಲ್ಲಿ ಜನಿಸಿದನು. ಇಂದಿನ ಫ್ರಾನ್ಸಿನ ಫ್ರೇಜೂಸ್ ಪಟ್ಟಣವೇ ಅದು. ಅವನ ಇಬ್ಬರು ಅಜ್ಜಂದಿರೂ ಚಕ್ರವರ್ತಿಯ ಕಂದಾಯಾಧಿಕಾರಿಗಳಾಗಿದ್ದರು. ತಂದೆ ಜೂಲಿಯಸ್ ಗ್ರೇಸಿನಸ್ ಸೆನೆಟ್ಟಿನ ಸದಸ್ಯ, ವಾಗ್ಮಿ, ದ್ರಾಕ್ಷಿ ಬೇಸಾಯವನ್ನು ಕುರಿತು ಬರೆದ ವಿದ್ವಾಂಸ. ಮಾರ್ಕಸ್ ಸಿಲೇನಸ್ ಎಂಬುವನ ಮೇಲೆ ಆರೋಪ ಹೊರಿಸುವಂತೆ ಚಕ್ರವರ್ತಿ ಕ್ಯಾಲಿಗುಲ ಆಜ್ಞಾಪಿಸಿದಾಗ ಅವನು ನಿರಾಕರಿಸಿದನು. ಅದಕ್ಕಾಗಿ ಪ್ರಾಣ ತೆತ್ತನು. ಮಗುವನ್ನು ಬೆಳೆಸಿದವಳು ತಾಯಿ ಜೂಲಿಯಾ ಪ್ರೊಸಿಲ್ಲಾ. ವಿದ್ಯಾಭ್ಯಾಸ ನಡೆದದ್ದು ಗ್ರೀಕ್ ಸಂಸ್ಕೃತಿಯ ನೆಲೆಯಾಗಿದ್ದ ಮಸ್ಸೀಲಿಯಾದಲ್ಲಿ, ಅಂದರೆ ಇಂದಿನ ಮಾರ್ಸೆಯಲ್ಲಿ. ಹದಿಹರೆಯದಲ್ಲಿ ತತ್ತ್ವಶಾಸ್ತ್ರದ ಕಡೆಗೆ ಅವನ ಒಲವು ಮಿತಿ ಮೀರಿತ್ತೆಂದೂ ತಾಯಿಯ ವಿವೇಕವೇ ಅದಕ್ಕೆ ಕಡಿವಾಣ ಹಾಕಿತೆಂದೂ ಟ್ಯಾಸಿಟಸ್ ದಾಖಲಿಸಿದ್ದಾನೆ. ನಿರಂಕುಶ ಪ್ರಭುವಿನ ಮುಂದೆ ತಲೆಬಾಗದೆ ಸತ್ತ ತಂದೆ, ಮಿತವರಿತು ಬದುಕಲು ಕಲಿಸಿದ ತಾಯಿ: ಕೃತಿಯ ಆರಂಭದಲ್ಲೇ ಬರುವ ಈ ಎರಡು ಚಿತ್ರಗಳು ಆಕಸ್ಮಿಕವಲ್ಲ. ಕೃತಿಯ ಕೊನೆಯಲ್ಲಿ ಅಗ್ರಿಕೋಲನು ಡೊಮಿಷಿಯನ್ ಚಕ್ರವರ್ತಿಯ ಎದುರು ಹೇಗೆ ನಡೆದುಕೊಂಡನೆಂಬುದಕ್ಕೆ ಇವು ಪೀಠಿಕೆಯಾಗಿವೆ.

ಸುಮಾರು ಇಪ್ಪತ್ತನೆಯ ವಯಸ್ಸಿನಲ್ಲಿ ಅವನು ಮಿಲಿಟರಿ ಟ್ರಿಬ್ಯೂನನಾಗಿ ಬ್ರಿಟನ್ನಿಗೆ ಹೋದನು. ಆಗ ಅಲ್ಲಿನ ಪ್ರಾಂತ್ಯಾಧಿಪತಿ ಸ್ವೆಟೋನಿಯಸ್ ಪಾಲಿನಸ್. ಐಸೀನಿ ಬುಡಕಟ್ಟಿನ ರಾಣಿ ಬೌಡಿಕಾಳ ಬಂಡಾಯ (ಕ್ರಿ.ಶ. 60-61) ಭುಗಿಲೆದ್ದದ್ದು ಆ ಅವಧಿಯಲ್ಲಿಯೇ. ಲಂಡನ್, ಕಾಲ್‌ಚೆಸ್ಟರ್ ಮತ್ತು ವೆರುಲೇಮಿಯಮ್ ಪಟ್ಟಣಗಳು ಸುಟ್ಟು ಬೂದಿಯಾದವು. ತೆರಿಗೆಯ ದೌರ್ಜನ್ಯವೂ ಅಧಿಕಾರಿಗಳ ದುರಾಶೆಯೂ ಒಂದು ಪ್ರಾಂತ್ಯವನ್ನು ಹೇಗೆ ಕಳೆದುಕೊಳ್ಳುವಂತೆ ಮಾಡಬಲ್ಲವು ಎಂಬುದನ್ನು ಯುವ ಅಗ್ರಿಕೋಲ ಹತ್ತಿರದಿಂದ ಕಂಡನು. ಅವನ ಮುಂದಿನ ಆಡಳಿತ ನೀತಿಯ ಬೇರು ಇಲ್ಲಿದೆಯೆಂದು ಭಾವಿಸಲು ಸಾಕಷ್ಟು ಆಧಾರವಿದೆ.

ನಂತರದ ಹುದ್ದೆಗಳು ಸೆನೆಟ್ ಸದಸ್ಯನೊಬ್ಬನ ವಾಡಿಕೆಯ ಮೆಟ್ಟಿಲುಗಳೇ: 64ರಲ್ಲಿ ಏಷ್ಯಾ ಪ್ರಾಂತ್ಯದಲ್ಲಿ ಕ್ವೆಸ್ಟರ್, 66ರಲ್ಲಿ ಪ್ರಜಾಟ್ರಿಬ್ಯೂನ್, 68ರಲ್ಲಿ ಪ್ರೀಟರ್. ಡೊಮಿಷಿಯಾ ಡೆಸಿಡಿಯಾನಾ ಎಂಬವಳೊಡನೆ ವಿವಾಹವಾಯಿತು. ಗಂಡುಮಗು ತೀರಿಕೊಂಡಿತು, ಮಗಳು ಜೂಲಿಯಾ ಉಳಿದಳು. ನೀರೋನ ಆಳ್ವಿಕೆಯಲ್ಲಿ ಸುಮ್ಮನಿರುವುದೇ ಜಾಣತನವೆಂದು ಅರಿತು ಅವನು ಈ ಹುದ್ದೆಗಳಲ್ಲಿ ಸದ್ದಿಲ್ಲದೆ ದಿನ ಕಳೆದನೆಂದು ಟ್ಯಾಸಿಟಸ್ ಮೆಚ್ಚುಗೆಯಿಂದಲೇ ಹೇಳುತ್ತಾನೆ. ನಾಲ್ವರು ಚಕ್ರವರ್ತಿಗಳ ವರ್ಷವೆಂದು ಪ್ರಸಿದ್ಧವಾದ 69ರಲ್ಲಿ ಅವನ ತಾಯಿ ಲಿಗೂರಿಯಾದ ತನ್ನ ಜಮೀನಿನಲ್ಲಿದ್ದಾಗ ಓಥೋನ ನೌಕಾಪಡೆಯ ಲೂಟಿಗೆ ಸಿಕ್ಕಿ ಕೊಲೆಯಾದಳು. ತಾಯಿಯ ಉತ್ತರಕ್ರಿಯೆಗೆಂದು ಹೊರಟವನಿಗೆ ದಾರಿಯಲ್ಲಿ ವೆಸ್ಪೇಷಿಯನ್ ಸಿಂಹಾಸನಕ್ಕೆ ಹಕ್ಕು ಸಾಧಿಸಿದ ಸುದ್ದಿ ಮುಟ್ಟಿತು. ತಡಮಾಡದೆ ಆ ಪಕ್ಷವನ್ನು ಸೇರಿದನು. ಈ ನಿರ್ಣಯ ಅವನ ವೃತ್ತಿಜೀವನದ ತಿರುವು. ಬ್ರಿಟನ್ನಿನಲ್ಲಿದ್ದ ಇಪ್ಪತ್ತನೆಯ ಲೀಜನ್ನಿನ ಸೇನಾಧಿಪತ್ಯ, ಪೆಟ್ರೀಷಿಯನ್ ಪದವಿ, ಅಕ್ವಿಟೇನಿಯಾ ಪ್ರಾಂತ್ಯದ ಆಡಳಿತ, 77ರಲ್ಲಿ ಕಾನ್ಸಲ್ ಸ್ಥಾನ ಇವು ಒಂದರ ಹಿಂದೊಂದರಂತೆ ಬಂದವು. ಅದೇ ಕಾಲಕ್ಕೆ ಮಗಳನ್ನು ಟ್ಯಾಸಿಟಸನಿಗೆ ಧಾರೆಯೆರೆದು, ಬ್ರಿಟನ್ನಿನ ಪ್ರಾಂತ್ಯಾಧಿಪತಿಯಾಗಿ ಮೂರನೆಯ ಬಾರಿಗೆ ಆ ದ್ವೀಪಕ್ಕೆ ಹೊರಟನು. ಒಂದೇ ಪ್ರಾಂತ್ಯದಲ್ಲಿ ಟ್ರಿಬ್ಯೂನ್, ಲೀಜನ್ನಿನ ಅಧಿಪತಿ, ಪ್ರಾಂತ್ಯಾಧಿಪತಿ ಈ ಮೂರೂ ಆದದ್ದು ರೋಮನ್ ಆಡಳಿತದಲ್ಲಿ ತೀರಾ ಅಪರೂಪ.

ಅವನು ಬ್ರಿಟನ್ನಿಗೆ ಬಂದದ್ದು 77ರಲ್ಲೋ 78ರಲ್ಲೋ ಎಂಬುದು ಬಹುಕಾಲ ಚರ್ಚೆಯಲ್ಲಿತ್ತು. ಬ್ರಿಟನ್ನಿನ ವಿಜಯಗಳ ನಿಮಿತ್ತ ಟೈಟಸ್ ಚಕ್ರವರ್ತಿ ಹದಿನೈದನೆಯ ಬಾರಿ ಜಯಘೋಷ ಪಡೆದನೆಂದು ಕ್ಯಾಸಿಯಸ್ ಡಿಯೋ ಹೇಳುವುದನ್ನೂ ಡೊಮಿಷಿಯನ್ 83ರಲ್ಲಿ ಜರ್ಮನರ ಮೇಲಿನ ವಿಜಯೋತ್ಸವ ಆಚರಿಸಿದ್ದನ್ನೂ ಹೊಂದಿಸಿ ನೋಡಿದರೆ 77ರಿಂದ 83ರವರೆಗಿನ ಕಾಲಾನುಕ್ರಮವೇ ಹೆಚ್ಚು ಒಪ್ಪುತ್ತದೆ. ಇಂದಿನ ಬಹುಪಾಲು ವಿದ್ವಾಂಸರ ಅಭಿಪ್ರಾಯವೂ ಇದೇ.

ಮೊದಲ ವರ್ಷವೇ, ಬೇಸಗೆ ಮುಗಿಯುವ ಹೊತ್ತಿಗೆ, ಇಂದಿನ ಉತ್ತರ ವೇಲ್ಸಿನ ಆರ್ಡೊವಿಸೀಸ್ ಬುಡಕಟ್ಟಿನ ಮೇಲೆ ದಾಳಿ ನಡೆಯಿತು. ಅವರು ತಮ್ಮ ನಾಡಿನಲ್ಲಿ ಬೀಡುಬಿಟ್ಟಿದ್ದ ರೋಮನ್ ಅಶ್ವದಳವೊಂದನ್ನು ನಾಶಮಾಡಿದ್ದರು. ಅದಕ್ಕೆ ಪ್ರತಿಯಾಗಿ ಆ ಬುಡಕಟ್ಟೇ ಹೆಚ್ಚುಕಡಿಮೆ ನಿರ್ನಾಮವಾಯಿತು. ಟ್ಯಾಸಿಟಸ್ ಇದನ್ನು ಒಂದೇ ವಾಕ್ಯದಲ್ಲಿ, ಯಾವ ವ್ಯಾಖ್ಯಾನವೂ ಇಲ್ಲದೆ ಹೇಳಿ ಮುಂದೆ ಸಾಗುತ್ತಾನೆ. ಮಾವನ ಸೌಜನ್ಯವನ್ನು ಪುಟಗಟ್ಟಲೆ ವರ್ಣಿಸುವ ಲೇಖಕ ಒಂದು ಜನಾಂಗದ ವಿನಾಶಕ್ಕೆ ಕೊಟ್ಟ ಜಾಗ ಇಷ್ಟೇ ಎಂಬುದನ್ನು ಚರಿತ್ರೆಯ ಅಭ್ಯಾಸಿಗಳು ಮರೆಯಬಾರದು. ಅನಂತರ ದೋಣಿಗಳಿಗೆ ಕಾಯದೆ, ಈಜುಬಲ್ಲ ಸಹಾಯಕ ಪಡೆಗಳನ್ನು ನೀರಿಗಿಳಿಸಿ ಮೋನಾ ದ್ವೀಪವನ್ನು (ಇಂದಿನ ಆಂಗ್ಲ್‌ಸಿ) ವಶಪಡಿಸಿಕೊಳ್ಳಲಾಯಿತು.

ಯುದ್ಧಕ್ಕಿಂತ ಅವನ ಆಡಳಿತ ಕ್ರಮಗಳ ವಿವರ ಹೆಚ್ಚು ಬೆಲೆಯುಳ್ಳದ್ದು. ಪ್ರಾಂತ್ಯದ ಜನರು ಸೈನ್ಯಕ್ಕೆ ಧಾನ್ಯ ಒದಗಿಸಬೇಕಾಗಿತ್ತು. ಇದರಲ್ಲಿ ಅಧಿಕಾರಿಗಳು ನಡೆಸುತ್ತಿದ್ದ ಮೋಸ ಎರಡು ಬಗೆಯದು. ಬೀಗ ಹಾಕಿದ ಕಣಜಗಳ ಮುಂದೆ ರೈತರನ್ನು ಕಾಯಿಸಿ, ತಾವು ಕೊಡಬೇಕಾದ ಧಾನ್ಯವನ್ನು ಅಲ್ಲಿಂದಲೇ ಹೆಚ್ಚಿನ ಬೆಲೆಗೆ ಕೊಂಡು ಲೆಕ್ಕ ತುಂಬಿಸುವಂತೆ ಮಾಡುವುದು ಒಂದು. ಪಕ್ಕದಲ್ಲೇ ಸೇನಾನೆಲೆ ಇದ್ದರೂ ದೂರದ, ದಾರಿಯಿಲ್ಲದ ಎಡೆಗೆ ಧಾನ್ಯ ಸಾಗಿಸುವಂತೆ ಆದೇಶಿಸಿ, ಆ ತೊಂದರೆಯಿಂದ ಪಾರಾಗಲು ಲಂಚ ಕೊಡುವಂತೆ ಮಾಡುವುದು ಇನ್ನೊಂದು. ಅಗ್ರಿಕೋಲ ಇವೆರಡನ್ನೂ ನಿಲ್ಲಿಸಿದನು. ಹೊರೆಯನ್ನು ಸಮನಾಗಿ ಹಂಚಿದನು. ತನ್ನ ಮನೆಯ ಗುಲಾಮರು ಮತ್ತು ವಿಮುಕ್ತರ ಕೈಗೆ ಸರಕಾರಿ ಕೆಲಸ ಹೋಗದಂತೆ ನೋಡಿಕೊಂಡನು. ಕಂದಾಯ ವ್ಯವಸ್ಥೆಯ ಇಂಥ ಸಣ್ಣ ವಿವರಗಳು ಪ್ರಾಚೀನ ರೋಮನ್ ಇತಿಹಾಸಗ್ರಂಥಗಳಲ್ಲಿ ಸುಲಭವಾಗಿ ದೊರೆಯುವುದಿಲ್ಲ.

ಎರಡನೆಯ ಚಳಿಗಾಲದಲ್ಲಿ ದೇವಾಲಯ, ಚೌಕ, ಮನೆಗಳನ್ನು ಕಟ್ಟಲು ಅವನು ಬುಡಕಟ್ಟುಗಳಿಗೆ ಉತ್ತೇಜನವಿತ್ತನು. ನಾಯಕರ ಮಕ್ಕಳಿಗೆ ರೋಮನ್ ಶಿಕ್ಷಣ ಕೊಡಿಸಿದನು. ಟೋಗಾ ಉಡುಪು, ಸ್ನಾನಗೃಹ, ಔತಣಗಳು ಕ್ರಮೇಣ ಬಂದವು. ಇದನ್ನು ಮಾವನ ಸಾಧನೆಯೆಂದು ಪಟ್ಟಿಮಾಡಿದ ಟ್ಯಾಸಿಟಸನೇ, ಸೋತವರು ನಾಗರಿಕತೆಯೆಂದು ಭ್ರಮಿಸಿದ್ದು ಅವರ ದಾಸ್ಯದ ಒಂದು ಅಂಗವಾಗಿತ್ತೆಂದು ಕಟುವಾಗಿ ಟೀಕಿಸುತ್ತಾನೆ. ಸ್ತುತಿ ಮತ್ತು ವಿಮರ್ಶೆ ಒಂದೇ ಲೇಖನಿಯಿಂದ ಹೀಗೆ ಹೊರಡುವುದೇ ಈ ಕೃತಿಯ ಜೀವಾಳ. 1955ರಲ್ಲಿ ವೆರುಲೇಮಿಯಮ್‌ನ ಸಾರ್ವಜನಿಕ ಚೌಕದಲ್ಲಿ ದೊರೆತ, ಒಡೆದು ಚೂರಾಗಿದ್ದ ಶಿಲಾಶಾಸನದಲ್ಲಿ ಅಗ್ರಿಕೋಲನ ಹೆಸರಿನ ಅಕ್ಷರಗಳನ್ನು ಗುರುತಿಸಲಾಗಿದೆ. ಬೌಡಿಕಾಳ ಕಾಲದಲ್ಲಿ ಸುಟ್ಟ ಪಟ್ಟಣ ಅವನ ಕಾಲದಲ್ಲಿ ಮತ್ತೆ ಚೌಕ ಕಟ್ಟಿಕೊಂಡಿತೆಂಬುದು ಇದರಿಂದ ವಿದಿತವಾಗುತ್ತದೆ. ಚೆಸ್ಟರ್‌ನ ಸೇನಾಕೋಟೆಯಲ್ಲಿ ದೊರೆತ ಸೀಸದ ನೀರಿನ ಕೊಳವೆಗಳ ಮೇಲೆ 79ನೆಯ ವರ್ಷದ ಕಾಲನಿರ್ದೇಶದೊಂದಿಗೆ ಅವನ ಹೆಸರು ಸ್ಪಷ್ಟವಾಗಿ ಎರಕವಾಗಿದೆ. ಕಾರ್ಲೈಲ್‌ನಲ್ಲಿ ಸಿಕ್ಕ ಒಂದು ಮರದ ಹಲಗೆಯ ಬರಹ ಇನ್ನೂ ಕುತೂಹಲಕರವಾದುದು: ಸೆಬೋಸಿಯಾನಾ ಅಶ್ವದಳದ ಸವಾರನೊಬ್ಬನನ್ನು ಅದು ಅಗ್ರಿಕೋಲನ ಅಂಗರಕ್ಷಕನೆಂದು ಹೆಸರಿಸುತ್ತದೆ.

ಕಾರ್ಲೈಲ್‌ನದೇ ಇನ್ನೊಂದು ಸಾಕ್ಷ್ಯ ಮಾತ್ರ ಟ್ಯಾಸಿಟಸನಿಗೆ ಅನುಕೂಲವಾಗಿಲ್ಲ. ಅಲ್ಲಿನ ಮೊದಲ ಕೋಟೆಗೆ ಬಳಸಿದ ಮರಗಳನ್ನು 72-73ರ ಚಳಿಗಾಲದಲ್ಲಿ ಕಡಿಯಲಾಗಿತ್ತೆಂದು ಉಂಗುರಗಳ ಎಣಿಕೆಯಿಂದ ನಿರ್ಧರಿಸಲಾಗಿದೆ. ಆಗ ಪ್ರಾಂತ್ಯಾಧಿಪತಿಯಾಗಿದ್ದವನು ಪೆಟಿಲಿಯಸ್ ಸೀರಿಯಾಲಿಸ್; ಅಗ್ರಿಕೋಲ ಅವನ ಕೈಕೆಳಗಿನ ಲೀಜನ್ನಿನ ಅಧಿಪತಿ. ಅಗ್ರಿಕೋಲ ಪ್ರಾಂತ್ಯಾಧಿಪತಿಯಾಗಿ ಬರುವುದಕ್ಕೆ ನಾಲ್ಕು ವರ್ಷ ಮೊದಲೇ ರೋಮನ್ ಸೈನ್ಯ ಇಂದಿನ ಸ್ಕಾಟ್ಲೆಂಡಿನ ಗಡಿಯಲ್ಲಿ ಶಾಶ್ವತ ಕೋಟೆ ಕಟ್ಟಿ ಕುಳಿತಿತ್ತು ಎಂದಾಯಿತು. ಸೀರಿಯಾಲಿಸ್ ಬ್ರಿಗಾಂಟೀಸ್ ಬುಡಕಟ್ಟಿನ ಮೇಲೆ ನಡೆಸಿದ ಯುದ್ಧಗಳಿಗೂ, ಅವನ ನಂತರ ಬಂದ ಫ್ರಾಂಟಿನಸ್ ಸಿಲ್ಯೂರೀಸ್ ಜನರನ್ನು ಗೆದ್ದದ್ದಕ್ಕೂ ಟ್ಯಾಸಿಟಸ್ ಒಂದು ಚಿಕ್ಕ ಅಧ್ಯಾಯವನ್ನಷ್ಟೇ ಮೀಸಲಿಟ್ಟಿದ್ದಾನೆ. ಅದಕ್ಕೂ ಹಿಂದಿನ ವೆಟ್ಟಿಯಸ್ ಬೊಲಾನಸ್ ಅವನ ಪಾಲಿಗೆ ನಿಷ್ಕ್ರಿಯ ಅಧಿಕಾರಿ. ಆದರೆ ಸ್ಟೇಷಿಯಸ್ ಕವಿಯು ಬೊಲಾನಸನ ಮಗನನ್ನು ಕುರಿತ ಕವಿತೆಯಲ್ಲಿ ತಂದೆಯ ಕಾರ್ಯಗಳನ್ನು ಕ್ಯಾಲಿಡೋನಿಯಾದ ನೆಲಕ್ಕೆ ಜೋಡಿಸಿ ಕೊಂಡಾಡುತ್ತಾನೆ. ಅದೂ ಸ್ತುತಿಯೇ ಆದ್ದರಿಂದ ಪೂರ್ತಿ ನಂಬಲಾಗದು. ಆದರೂ 77ರಲ್ಲಿ ಮುಗಿದ ತನ್ನ ಗ್ರಂಥದಲ್ಲಿ ಹಿರಿಯ ಪ್ಲಿನಿ, ರೋಮನ್ ಸೈನ್ಯದ ಅರಿವು ಕ್ಯಾಲಿಡೋನಿಯಾದ ಅರಣ್ಯದ ಸಮೀಪದವರೆಗೆ ಮುಟ್ಟಿತ್ತೆಂಬ ಅರ್ಥದಲ್ಲಿ ಬರೆದಿರುವುದನ್ನು ಇದರೊಂದಿಗೆ ಇಟ್ಟು ನೋಡಬೇಕು. ಪರ್ತ್ ಪ್ರದೇಶದ ಗಾಸ್ಕ್ ದಿಣ್ಣೆಯ ಮೇಲಿನ ಕಾವಲುಗೋಪುರಗಳ ಸಾಲನ್ನು ಅಧ್ಯಯನ ಮಾಡಿದ ವುಲಿಸ್ಕ್ರಾಫ್ಟ್ ಮತ್ತು ಹಾಫ್‌ಮನ್ ಅವರು 2006ರ ತಮ್ಮ ಗ್ರಂಥದಲ್ಲಿ, ಉತ್ತರದ ರೋಮನ್ ನೆಲೆ ಅಗ್ರಿಕೋಲನಿಗಿಂತ ಮೊದಲೇ ಆರಂಭವಾಗಿರಬಹುದೆಂದು ವಾದಿಸಿದ್ದಾರೆ. ಈ ವಾದವನ್ನು ಎಲ್ಲರೂ ಒಪ್ಪಿಲ್ಲ. ಆದರೆ ಕಾರ್ಲೈಲ್‌ನ ಮರಗಳ ಸಾಕ್ಷ್ಯವನ್ನು ತಳ್ಳಿಹಾಕುವುದು ಸಾಧ್ಯವಿಲ್ಲ. ಉತ್ತರದ ಎಲ್ಲ ರೋಮನ್ ಕೋಟೆಗಳನ್ನೂ ಅಗ್ರಿಕೋಲನ ಹೆಸರಿಗೆ ಬರೆಯುತ್ತಿದ್ದ ಹಳೆಯ ರೂಢಿ ಈಗ ನಿಲ್ಲುವುದಿಲ್ಲ.

ಮೂರನೆಯ ವರ್ಷ ಸೈನ್ಯ ಟೇ ನದಿಯ ಅಳಿವೆಯವರೆಗೆ ಸಾಗಿತು. ನಾಲ್ಕನೆಯ ವರ್ಷ ಕ್ಲೈಡ್ ಮತ್ತು ಫೋರ್ತ್ ಕೊಲ್ಲಿಗಳ ನಡುವಣ ಕಿರಿದಾದ ಭೂಭಾಗವನ್ನು ಕಾವಲುನೆಲೆಗಳಿಂದ ಭದ್ರಪಡಿಸಲಾಯಿತು. ಐದನೆಯ ವರ್ಷ ಐರ್ಲೆಂಡಿಗೆ ಎದುರಾದ ಕರಾವಳಿಯಲ್ಲಿ ಸೈನ್ಯ ನಿಂತಿತು. ಅಂತಃಕಲಹದಿಂದ ಓಡಿಬಂದಿದ್ದ ಐರಿಷ್ ದೊರೆಯೊಬ್ಬನನ್ನು ಅಗ್ರಿಕೋಲ ಆಶ್ರಯವಿತ್ತು ಇಟ್ಟುಕೊಂಡಿದ್ದನು. ಒಂದೇ ಲೀಜನ್ ಮತ್ತು ಕೆಲವು ಸಹಾಯಕ ಪಡೆಗಳಿದ್ದರೆ ಆ ದ್ವೀಪವನ್ನು ಗೆಲ್ಲಬಹುದೆಂದು ಅವನು ಹೇಳುತ್ತಿದ್ದುದನ್ನು ಟ್ಯಾಸಿಟಸ್ ತಾನೇ ಕೇಳಿದ್ದಾಗಿ ಬರೆಯುತ್ತಾನೆ. ಆ ಯತ್ನ ನಡೆಯಲಿಲ್ಲ. ಆರನೆಯ ವರ್ಷ ಫೋರ್ತ್‌ನ ಆಚೆಗೆ ನೌಕಾಪಡೆಯೊಂದಿಗೆ ಮುನ್ನಡೆದಾಗ ಕ್ಯಾಲಿಡೋನಿಯನ್ನರು ರಾತ್ರಿಯಲ್ಲಿ ಒಂಬತ್ತನೆಯ ಲೀಜನ್ನಿನ ಬೀಡಿಗೆ ನುಗ್ಗಿದರು. ಅಗ್ರಿಕೋಲ ಸಕಾಲದಲ್ಲಿ ಬಂದು ತಲುಪದಿದ್ದರೆ ಅನಾಹುತವಾಗುತ್ತಿತ್ತು. ಆ ಲೀಜನ್ ತೀರಾ ದುರ್ಬಲವಾಗಿತ್ತು ಎಂದಷ್ಟೇ ಟ್ಯಾಸಿಟಸ್ ಹೇಳುತ್ತಾನೆ, ಕಾರಣ ಹೇಳುವುದಿಲ್ಲ. ಕಾರಣ ತಿಳಿಯುವುದು ಶಾಸನದಿಂದ: ರೋಸಿಯಸ್ ಇಲಿಯಾನಸ್ ಎಂಬ ಅಧಿಕಾರಿ ಒಂಬತ್ತನೆಯ ಲೀಜನ್ನಿನ ತುಕಡಿಗಳೊಂದಿಗೆ ಜರ್ಮನಿಯ ಯುದ್ಧದಲ್ಲಿ ಸೇವೆ ಸಲ್ಲಿಸಿದ್ದನ್ನು ಅದು ದಾಖಲಿಸುತ್ತದೆ. ಡೊಮಿಷಿಯನ್ ರೈನ್ ನದಿಯ ಆಚೆಯ ಯುದ್ಧಕ್ಕಾಗಿ ಬ್ರಿಟನ್ನಿನ ಸೈನ್ಯದಿಂದ ಜನರನ್ನು ಕರೆಸಿಕೊಂಡಿದ್ದನು. ಸಾಮ್ರಾಜ್ಯದ ಇನ್ನೊಂದು ಗಡಿಯ ಒತ್ತಡ ಬ್ರಿಟನ್ನಿನ ದಂಡಯಾತ್ರೆಯ ಮೇಲೆ ಆಗಲೇ ಬೀಳತೊಡಗಿತ್ತು.

ಏಳನೆಯ ವರ್ಷ, 83ರ ಬೇಸಗೆಯ ಕೊನೆಯಲ್ಲಿ, ಮಾನ್ಸ್ ಗ್ರೌಪಿಯಸ್ ಬೆಟ್ಟದ ಬಳಿ ನಿರ್ಣಾಯಕ ಕದನ ನಡೆಯಿತು. ಮೂವತ್ತು ಸಾವಿರಕ್ಕೂ ಹೆಚ್ಚು ಕ್ಯಾಲಿಡೋನಿಯನ್ ಯೋಧರು ಸೇರಿದ್ದರೆಂದು ಟ್ಯಾಸಿಟಸನ ಲೆಕ್ಕ. ಅವರ ಮೊದಲ ಸಾಲು ಬಯಲಿನಲ್ಲಿತ್ತು, ಉಳಿದವು ಇಳಿಜಾರಿನ ಮೇಲೆ. ನಡುವೆ ಯುದ್ಧರಥಗಳು ಓಡಾಡುತ್ತಿದ್ದವು. ಅಗ್ರಿಕೋಲ 8,000 ಸಹಾಯಕ ಪದಾತಿಗಳನ್ನು ಮಧ್ಯದಲ್ಲೂ 3,000 ಕುದುರೆ ಸವಾರರನ್ನು ಪಕ್ಕಗಳಲ್ಲೂ ನಿಲ್ಲಿಸಿ, ಲೀಜನ್‌ಗಳನ್ನು ಬೀಡಿನ ಕೋಟೆಯ ಮುಂದೆ ಕಾದಿರಿಸಿದನು. ರೋಮನ್ ಪೌರರ ರಕ್ತ ಹರಿಯದೆ ಗೆದ್ದರೆ ವಿಜಯದ ಘನತೆ ಹೆಚ್ಚುವುದೆಂಬುದು ಟ್ಯಾಸಿಟಸ್ ಕೊಡುವ ಕಾರಣ. ಪೌರತ್ವವಿಲ್ಲದ ಬಟಾವಿಯನ್ ಮತ್ತು ಟುಂಗ್ರಿಯನ್ ಸೈನಿಕರ ರಕ್ತಕ್ಕೆ ಆ ಲೆಕ್ಕದಲ್ಲಿ ಜಾಗವಿರಲಿಲ್ಲ. ನಾಲ್ಕು ಬಟಾವಿಯನ್ ಮತ್ತು ಎರಡು ಟುಂಗ್ರಿಯನ್ ತುಕಡಿಗಳು ಮುನ್ನುಗ್ಗಿದವು. ಕ್ಯಾಲಿಡೋನಿಯನ್ನರ ಉದ್ದನೆಯ ಖಡ್ಗಗಳಿಗೆ ಮೊನೆಯಿರಲಿಲ್ಲ, ಗುರಾಣಿಗಳು ಚಿಕ್ಕವು. ಇಕ್ಕಟ್ಟಿನ ಕಾಳಗದಲ್ಲಿ ಅವು ನಿಷ್ಪ್ರಯೋಜಕವಾದವು. ಬೆಟ್ಟದಿಂದ ಇಳಿದು ಹಿಂಬದಿಗೆ ಸುತ್ತುವರಿಯಲು ನೋಡಿದವರನ್ನು ಕಾದಿರಿಸಿದ್ದ ನಾಲ್ಕು ಅಶ್ವದಳಗಳು ಚದುರಿಸಿದವು. ಶತ್ರುಗಳಲ್ಲಿ 10,000 ಮಂದಿ, ರೋಮನ್ನರ ಕಡೆ 360 ಮಂದಿ ಸತ್ತರೆಂದು ಹೇಳಲಾಗಿದೆ. ಈ ಅಂಕಿಗಳನ್ನು ವಿಜೇತರ ಅಂಕಿಗಳೆಂದೇ ತೆಗೆದುಕೊಳ್ಳಬೇಕು. ಅವನ್ನು ಒಪ್ಪಿದರೂ ಶತ್ರುಸೈನ್ಯದ ಮೂರನೆಯ ಎರಡು ಭಾಗ ಬೆಟ್ಟ ಕಾಡುಗಳಿಗೆ ತಪ್ಪಿಸಿಕೊಂಡಿತೆಂಬುದು ಸ್ಪಷ್ಟ.

ಯುದ್ಧಕ್ಕೆ ಮೊದಲು ಕ್ಯಾಲಿಡೋನಿಯನ್ ನಾಯಕ ಕ್ಯಾಲ್ಗೇಕಸ್ ಮಾಡಿದ ಭಾಷಣ ಜಗತ್ಪ್ರಸಿದ್ಧ. ರೋಮನ್ನರ ಆಳ್ವಿಕೆಯನ್ನು ಕೊಳ್ಳೆಯೆಂದು ಬಯಲಿಗೆಳೆಯುವ ಆ ಮಾತುಗಳು ಸಾಮ್ರಾಜ್ಯವಿರೋಧಿ ಬರಹಗಳಲ್ಲಿ ಇಂದಿಗೂ ಉದ್ಧೃತವಾಗುತ್ತವೆ. ಆದರೆ ಆ ಭಾಷಣ ಟ್ಯಾಸಿಟಸನದು. ರೋಮನ್ ವಾಗ್ಮಿಗಳ ಶಾಲೆಯ ಪದ್ಧತಿಯಂತೆ ರಚಿತವಾದ, ಸೆನೆಟ್ ಸದಸ್ಯನೊಬ್ಬನ ಲ್ಯಾಟಿನ್ ಗದ್ಯ ಅದು. ಕ್ಯಾಲ್ಗೇಕಸನ ಹೆಸರು ಬೇರೆ ಯಾವ ಆಕರದಲ್ಲೂ ಬರುವುದಿಲ್ಲ. ಸೋತವರ ದನಿಯೆಂದು ಓದುಗರು ಮೆಚ್ಚಿದ್ದು ಗೆದ್ದವರ ಆತ್ಮವಿಮರ್ಶೆಯನ್ನು. ಕ್ಯಾಲಿಡೋನಿಯನ್ನರ ಸ್ವಂತ ಮಾತು ಒಂದೂ ಉಳಿದಿಲ್ಲ.

ಕದನ ನಡೆದ ಸ್ಥಳ ಇನ್ನೂ ಖಚಿತವಾಗಿಲ್ಲ. ಹದಿನೈದನೆಯ ಶತಮಾನದ ಮುದ್ರಿತ ಪ್ರತಿಯೊಂದರಲ್ಲಿ ಗ್ರೌಪಿಯಸ್ ಎಂಬುದು ಗ್ರಾಂಪಿಯಸ್ ಎಂದು ತಪ್ಪಾಗಿ ಅಚ್ಚಾಯಿತು. ಸ್ಕಾಟ್ಲೆಂಡಿನ ಗ್ರಾಂಪಿಯನ್ ಪರ್ವತಗಳಿಗೆ ಹೆಸರು ಬಂದದ್ದು ಆ ತಪ್ಪಿನಿಂದ. ಒಂದು ಮುದ್ರಣದೋಷ ಭೂಪಟದ ಮೇಲೆ ಇಷ್ಟು ಗಟ್ಟಿಯಾಗಿ ಕುಳಿತ ನಿದರ್ಶನ ಬೇರೆ ಸಿಗಲಾರದು. 1902ರಲ್ಲಿ ಇಟಲಿಯ ಯೇಸಿ ಪಟ್ಟಣದ ಖಾಸಗಿ ಗ್ರಂಥಭಂಡಾರದಲ್ಲಿ ಒಂಬತ್ತನೆಯ ಶತಮಾನದ ಹಾಳೆಗಳನ್ನು ಒಳಗೊಂಡ ಹಸ್ತಪ್ರತಿ ದೊರೆತ ಮೇಲೆ ಈ ಕೃತಿಯ ಪಾಠಪರಿಷ್ಕರಣಕ್ಕೆ ಭದ್ರವಾದ ಆಧಾರ ಲಭಿಸಿತು. ಸ್ಥಳದ ವಿಷಯದಲ್ಲಿ ಮಾತ್ರ ಹಸ್ತಪ್ರತಿ ನೆರವಾಗದು. 1975ರಲ್ಲಿ ಸೇಂಟ್ ಜೋಸೆಫ್ ಅವರು ವಿಮಾನದಿಂದ ಗುರುತಿಸಿದ ಲೋಗೀ ಡರ್ನೋದ ಬೀಡು ಸುಮಾರು 58 ಹೆಕ್ಟೇರ್ ವಿಸ್ತಾರವುಳ್ಳದ್ದು. ಅದರ ಎದುರಿಗಿರುವ ಬೆನ್ನಾಹೀ ಬೆಟ್ಟವೇ ಮಾನ್ಸ್ ಗ್ರೌಪಿಯಸ್ ಎಂಬುದು ಅವರ ಮತ. ಬೀಡಿನ ಕಾಲವೇ ನಿರ್ಧಾರವಾಗದಿರುವುದರಿಂದ ಇದು ಬಲವಾದ ಊಹೆಯಾಗಿಯೇ ಉಳಿದಿದೆ.

ವಿಜಯದ ನಂತರ ನೌಕಾಪಡೆ ಬ್ರಿಟನ್ನಿನ ಉತ್ತರ ತುದಿಯನ್ನು ಸುತ್ತಿ, ಅದು ದ್ವೀಪವೆಂಬುದನ್ನು ದೃಢಪಡಿಸಿತು. ಅಗ್ರಿಕೋಲನನ್ನು ಹಿಂದಕ್ಕೆ ಕರೆಸಲಾಯಿತು. ಅವನ ಕೀರ್ತಿಯನ್ನು ಸಹಿಸದ ಡೊಮಿಷಿಯನ್ ಅಸೂಯೆಯಿಂದ ಹೀಗೆ ಮಾಡಿದನು, ಪೂರ್ತಿ ಗೆದ್ದ ಬ್ರಿಟನ್ ಅದರಿಂದ ಕೈಬಿಟ್ಟುಹೋಯಿತು ಎಂಬುದು ಟ್ಯಾಸಿಟಸನ ಆರೋಪ. ಇದನ್ನು ಎರಡು ಭಾಗವಾಗಿ ಪರಿಶೀಲಿಸಬೇಕು. ಪ್ರಾಂತ್ಯಾಧಿಪತಿಯ ವಾಡಿಕೆಯ ಅವಧಿ ಸುಮಾರು ಮೂರು ವರ್ಷ. ಅಗ್ರಿಕೋಲ ಏಳು ಬೇಸಗೆಗಳನ್ನು ಕಳೆದಿದ್ದನು, ಅವುಗಳಲ್ಲಿ ಕೊನೆಯವು ಡೊಮಿಷಿಯನ್‌ನ ಆಳ್ವಿಕೆಯಲ್ಲಿಯೇ. ವಿಜಯಲಾಂಛನಗಳು ಮತ್ತು ಪ್ರತಿಮೆಯ ಗೌರವವೂ ಅವನಿಗೆ ಸಂದವು. ಆದುದರಿಂದ ಮರುಕರೆಯನ್ನು ಅನ್ಯಾಯವೆನ್ನಲು ಬರುವುದಿಲ್ಲ.

ಎರಡನೆಯ ಭಾಗಕ್ಕೆ ಇಂಚ್‌ಟುಥಿಲ್‌ನ ಉತ್ಖನನ ಉತ್ತರ ನೀಡುತ್ತದೆ. ಟೇ ನದಿಯ ದಡದ ಈ ಲೀಜನ್ ಕೋಟೆಯನ್ನು ಇಯನ್ ರಿಚ್ಮಂಡ್ ಮತ್ತು ಸೇಂಟ್ ಜೋಸೆಫ್ ಅವರು 1952ರಿಂದ 1965ರವರೆಗೆ ಅಗೆದು ಅಭ್ಯಸಿಸಿದರು. 20 ಹೆಕ್ಟೇರಿಗೂ ಹೆಚ್ಚು ವಿಸ್ತಾರದ ಕೋಟೆಯಲ್ಲಿ ಸೈನಿಕರ ವಸತಿಸಾಲುಗಳು, ಆಸ್ಪತ್ರೆ, ಕಮ್ಮಟ ಸಿದ್ಧವಾಗಿದ್ದವು; ಸೇನಾಧಿಪತಿಯ ನಿವಾಸವನ್ನು ಮಾತ್ರ ಇನ್ನೂ ಕಟ್ಟಿರಲಿಲ್ಲ. ಅಷ್ಟರಲ್ಲಿ ಸೈನ್ಯವೇ ಅದನ್ನು ಕಳಚಿ ಹೊರಟುಹೋಯಿತು. ಶತ್ರುಗಳ ಕೈಗೆ ಕಬ್ಬಿಣ ಸಿಗಬಾರದೆಂದು ಸುಮಾರು 10 ಟನ್ ತೂಕದ, ಎಂಟೂವರೆ ಲಕ್ಷಕ್ಕೂ ಹೆಚ್ಚು ಮೊಳೆಗಳನ್ನು ಗುಂಡಿಯಲ್ಲಿ ಹೂತು ಮುಚ್ಚಿದ್ದು ಪತ್ತೆಯಾಯಿತು. ಈ ಭಾಗದ ನೆಲೆಗಳಲ್ಲಿ ದೊರೆತ, ಸವೆಯದ ಹೊಸ ನಾಣ್ಯಗಳು 86ನೆಯ ವರ್ಷದವು. ತೆರವು ಅದರ ಬೆನ್ನಿಗೇ ನಡೆದಿರಬೇಕು. ಅಂದರೆ ಅಗ್ರಿಕೋಲ ಹೋದ ಮೇಲೂ ಎರಡು ಮೂರು ವರ್ಷ ಕಟ್ಟುವ ಕೆಲಸ ಸಾಗಿತ್ತು. ಉತ್ತರವನ್ನು ಉಳಿಸಿಕೊಳ್ಳುವ ಉದ್ದೇಶ ಡೊಮಿಷಿಯನ್‌ಗೆ ಇತ್ತು. ಅದನ್ನು ಬದಲಿಸಿದ್ದು ಡ್ಯಾನ್ಯೂಬ್ ನದಿಯ ಗಡಿ. 85ರಲ್ಲಿ ಡೇಸಿಯನ್ನರು ಮೀಸಿಯಾದ ಪ್ರಾಂತ್ಯಾಧಿಪತಿ ಆಪ್ಪಿಯಸ್ ಸಬೈನಸನನ್ನು ಕೊಂದರು. ಆ ಬಳಿಕ ಕಾರ್ನೇಲಿಯಸ್ ಫಸ್ಕಸನ ಸೈನ್ಯವೂ ನಾಶವಾಯಿತು. ಬ್ರಿಟನ್ನಿನಿಂದ ಎರಡನೆಯ ಅಡ್ಯೂಟ್ರಿಕ್ಸ್ ಲೀಜನ್ನನ್ನು ಅಲ್ಲಿಗೆ ಸಾಗಿಸಬೇಕಾಯಿತು. ನಾಲ್ಕು ಲೀಜನ್‌ಗಳಿಂದ ಹಿಡಿದಿಟ್ಟದ್ದನ್ನು ಮೂರರಿಂದ ಹಿಡಿದಿಡಲು ಆಗಲಿಲ್ಲ. ಟ್ಯಾಸಿಟಸ್ ಅಸೂಯೆಯೆಂದು ಕರೆದದ್ದರಲ್ಲಿ ದೊಡ್ಡ ಪಾಲು ಸೈನ್ಯಬಲದ ಸರಳ ಲೆಕ್ಕ.

ಆದರೂ ಭಯ ಕಲ್ಪಿತವಾಗಿರಲಿಲ್ಲ. ಬ್ರಿಟನ್ನಿನ ಮುಂದಿನ ಪ್ರಾಂತ್ಯಾಧಿಪತಿಗಳಲ್ಲೊಬ್ಬನಾದ ಸಲ್ಲಸ್ಟಿಯಸ್ ಲುಕುಲ್ಲಸ್ ಹೊಸ ಮಾದರಿಯ ಭರ್ಜಿಗೆ ತನ್ನ ಹೆಸರಿಟ್ಟಿದ್ದಕ್ಕಾಗಿ ಡೊಮಿಷಿಯನ್‌ನಿಂದ ಕೊಲ್ಲಲ್ಪಟ್ಟನೆಂದು ಸ್ವೆಟೋನಿಯಸ್ ದಾಖಲಿಸಿದ್ದಾನೆ. ಅಂಥ ದಿನಗಳಲ್ಲಿ ಅಗ್ರಿಕೋಲ ರಾತ್ರಿಯ ಹೊತ್ತು ಸದ್ದಿಲ್ಲದೆ ನಗರ ಪ್ರವೇಶಿಸಿ, ಸಾಮಾನ್ಯನಂತೆ ಬದುಕಿದನು. ಏಷ್ಯಾ ಅಥವಾ ಆಫ್ರಿಕಾ ಪ್ರಾಂತ್ಯದ ಆಡಳಿತಕ್ಕೆ ತನ್ನ ಸರದಿ ಬಂದಾಗ, ಒತ್ತಡವನ್ನರಿತು ತಾನೇ ಬೇಡವೆಂದನು. 93ರ ಆಗಸ್ಟ್ 23ರಂದು ತೀರಿಕೊಂಡನು. ಹಸ್ತಪ್ರತಿಯಲ್ಲಿ ವಯಸ್ಸು ಐವತ್ತಾರನೆಯ ವರ್ಷವೆಂದಿದೆ. ಕೃತಿಯೇ ನೀಡುವ ಜನನ-ಮರಣದ ದಿನಾಂಕಗಳಿಗೆ ಅದು ಹೊಂದದ ಕಾರಣ ಸಂಪಾದಕರು ಐವತ್ತನಾಲ್ಕೆಂದು ತಿದ್ದಿಕೊಂಡಿದ್ದಾರೆ.

ವಿಷಪ್ರಾಶನದ ವದಂತಿ ಹಬ್ಬಿತ್ತು. ಆಗ ನಾಲ್ಕು ವರ್ಷಗಳಿಂದ ರೋಮಿನಿಂದ ದೂರವಿದ್ದ ಟ್ಯಾಸಿಟಸ್ ಮಾವನ ಕೊನೆಯ ದಿನಗಳನ್ನು ಕಾಣಲಿಲ್ಲ; ಖಚಿತವಾಗಿ ಹೇಳಬಲ್ಲದ್ದೇನೂ ಇಲ್ಲವೆಂದು ಒಪ್ಪಿಕೊಂಡು, ಅರಮನೆಯ ವೈದ್ಯರು ಮತ್ತು ದೂತರು ಪದೇ ಪದೇ ಬಂದುಹೋದುದನ್ನು ಮಾತ್ರ ಪಕ್ಕದಲ್ಲಿಟ್ಟು ಸುಮ್ಮನಾಗುತ್ತಾನೆ. ಅಗ್ರಿಕೋಲ ತನ್ನ ಮರಣಶಾಸನದಲ್ಲಿ ಹೆಂಡತಿ ಮತ್ತು ಮಗಳ ಜೊತೆಗೆ ಡೊಮಿಷಿಯನ್‌ನನ್ನೂ ವಾರಸುದಾರನನ್ನಾಗಿ ಮಾಡಿದ್ದನು. ಆಸ್ತಿಯ ಉಳಿದ ಭಾಗವನ್ನು ಕಾಪಾಡಲು ಆ ಕಾಲದ ಶ್ರೀಮಂತರು ಅನುಸರಿಸುತ್ತಿದ್ದ ಉಪಾಯವಿದು. ಚಕ್ರವರ್ತಿ ಅದನ್ನು ಗೌರವವೆಂದು ತಿಳಿದು ಸಂತೋಷಪಟ್ಟನಂತೆ. ಒಂದು ಶತಮಾನಕ್ಕೂ ಹೆಚ್ಚು ಕಾಲದ ನಂತರ ಬರೆದ ಕ್ಯಾಸಿಯಸ್ ಡಿಯೋನ ಗ್ರಂಥದಲ್ಲಿ ವದಂತಿಯ ಮಾತೇ ಇಲ್ಲ: ಅಗ್ರಿಕೋಲ ಅವಮಾನ ಮತ್ತು ಬಡತನದಲ್ಲಿ ಬದುಕಿ, ಕೊನೆಗೆ ಡೊಮಿಷಿಯನ್‌ನಿಂದ ಹತನಾದನೆಂದು ಅಲ್ಲಿ ನೇರವಾಗಿ ಬರೆದಿದೆ.